ಅದರಲ್ಲೇನಿಲ್ಲ

‘ಇದನ್ನು ಹೇಗೆ ಮಾಡಿದಿರಿ?’ ಎಂದು ಯಾರನ್ನೇ ಕೇಳಿ, ಬಾಣಲೆಗೆ ಸಾಸಿವೆ ಬೀಳುವ ಮೊದಲು ಒಂದು ಮಾತು ಬೀಳುತ್ತದೆ: ‘ಅದರಲ್ಲೇನಿಲ್ಲ.’ ಮಲೆನಾಡಿನಲ್ಲಿ ಅದು ‘ಎಂತ ಇಲ್ಲ ಮಾರಾಯ’, ಧಾರವಾಡದ ಕಡೆ ‘ಏನಿಲ್ರೀ, ಭಾಳ ಸರಳ’, ಮೈಸೂರಿನಲ್ಲಿ ‘ಏನಿಲ್ಲಪ್ಪ’. ಊರಿಗೊಂದು ಸಾರು ಇರುವ ನಾಡಿನಲ್ಲಿ ಈ ಒಂದು ಮಾತು ಮಾತ್ರ ಎಲ್ಲ ಅಡುಗೆಮನೆಗೂ ಸಮಾನ.

ಈ ಮಾತನ್ನು ನಂಬಿ ನಾನು ಮೊದಲು ಕೆಟ್ಟದ್ದು ಬೆಂಗಳೂರಿಗೆ ಬಂದ ಹೊಸತರಲ್ಲಿ. ಹೋಟೆಲಿನ ಊಟ ಹೊಟ್ಟೆಗೆ ಒಗ್ಗದೆ ಸೀಮೆಎಣ್ಣೆ ಸ್ಟೌ ಒಂದನ್ನು ತಂದಿಟ್ಟುಕೊಂಡಿದ್ದೆ. ರಾತ್ರಿ ದರ ಇಳಿದ ಮೇಲೆ ಎಸ್‌ಟಿಡಿ ಬೂತಿಗೆ ಹೋಗಿ, ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಫೋನು ಹಚ್ಚಿ, ಬೇಗ ಆಗುವಂಥದ್ದು ಏನಾದರೂ ಹೇಳು ಎಂದೆ. ಎದುರಿಗೆ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಅಮ್ಮನೂ ಅಷ್ಟೇ ವೇಗವಾಗಿ ಹೇಳಿದಳು: ‘ತಂಬುಳಿ ಮಾಡು. ಎಂತ ಇಲ್ಲ ಮಾರಾಯ. ಎಂಟತ್ತು ದೊಡ್ಡಪತ್ರೆ ಎಲೆ, ಒಂದ್ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ತುಪ್ಪದಲ್ಲಿ ಬಾಡಿಸು. ಒಂದ್ ಹಿಡಿ ಕಾಯಿತುರಿ ಹಾಕಿ ನುಣ್ಣಗೆ ರುಬ್ಬು. ಮಜ್ಜಿಗೆಗೆ ಕದಡಿ ಉಪ್ಪು ಹಾಕು. ಕುದಿಸ್ಲಿಕ್ಕೆ ಹೋಗ್ಬೇಡ.’ ಐದೇ ನಿಮಿಷದ ಅಡುಗೆ. ಬಿಲ್ಲೂ ಅಗ್ಗವಾಗಿಯೇ ಬಂತು.

ರೂಮಿಗೆ ಬಂದಾಗ ತಿಳಿಯಿತು. ದೊಡ್ಡಪತ್ರೆ ಇದ್ದದ್ದು ಊರಿನ ಬಚ್ಚಲುಮನೆಯ ಹಿಂದೆ. ಕಾಯಿ ಕೊಂಡು ತಂದರೂ ಒಡೆಯಲು ಕತ್ತಿಯಿಲ್ಲ, ಒಡೆದರೂ ತುರಿಯಲು ತುರಿಮಣೆಯಿಲ್ಲ, ತುರಿದರೂ ರುಬ್ಬಲು ಒರಳಿಲ್ಲ. ಮಜ್ಜಿಗೆ ಬೇಕೆಂದರೆ ನಿನ್ನೆ ರಾತ್ರಿಯೇ ಹಾಲಿಗೆ ಹೆಪ್ಪು ಬಿದ್ದಿರಬೇಕು. ಅಮ್ಮನ ‘ಎಂತ ಇಲ್ಲ’ದ ಹಿಂದೆ ಒಂದು ಹಿತ್ತಿಲು, ಒಂದು ಕೊಟ್ಟಿಗೆ ಮತ್ತು ಕಲ್ಲಿನ ಒರಳು ಸದ್ದಿಲ್ಲದೆ ಕೂತಿದ್ದವು. ಆ ರಾತ್ರಿ ಅನ್ನಕ್ಕೆ ಉಪ್ಪಿನಕಾಯಿ ಕಲಸಿ ಉಂಡೆ.

ನನ್ನನ್ನು ಬದುಕಿಸಿದವನು ಪಕ್ಕದ ರೂಮಿನ ಹುಬ್ಬಳ್ಳಿಯ ಗೆಳೆಯ. ಅವನ ಸುಸಲಾ ನಿಜಕ್ಕೂ ಹತ್ತು ನಿಮಿಷದ್ದು. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಒಡನೆಯೇ ಹಿಂಡಿಡುವುದು. ಒಗ್ಗರಣೆಗೆ ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಟೊಮೆಟೊ, ಅರಿಸಿನ. ಮಂಡಕ್ಕಿ ಹಾಕಿ ಮಗುಚಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ನಿಂಬೆಹಣ್ಣು ಹಿಂಡುವುದು. ರುಬ್ಬುವುದಿಲ್ಲ, ಕಾಯುವುದಿಲ್ಲ. ಜೊತೆಗೆ ನಂಚಿಕೊಳ್ಳಲು ಶೇಂಗಾ ಚಟ್ನಿ ಕೊಟ್ಟ. ಅದರ ರುಚಿಗೆ ಮರುಳಾಗಿ, ಇದನ್ನು ಹೇಗೆ ಮಾಡುವುದು ಎಂದೆ. ‘ಏನಿಲ್ರೀ, ಡಬ್ಬಿ ಮುಚ್ಚಳ ತೆಗೀಬೇಕು’ ಎಂದ. ಡಬ್ಬಿ ತುಂಬಿ ಕಳಿಸಿದವಳು ಅವನ ಅವ್ವ. ಹುರಿದದ್ದು, ಸಿಪ್ಪೆ ಕೇರಿದ್ದು, ಕುಟ್ಟಿದ್ದು ಎಲ್ಲ ಊರಿನಲ್ಲೇ ಮುಗಿದಿತ್ತು.

ಆಮೇಲೆ ಮನೆ ಓನರಮ್ಮ ಗೊಜ್ಜವಲಕ್ಕಿ ಹೇಳಿಕೊಟ್ಟರು. ಮೈಸೂರಿನವರು, ‘ಏನಿಲ್ಲಪ್ಪ’ ಎಂದೇ ಶುರು ಮಾಡಿದರು. ಒಂದು ಪಾವು ಗಟ್ಟಿ ಅವಲಕ್ಕಿಯನ್ನು ರವೆಯ ಹಾಗೆ ತರಿಯಾಗಿಸಬೇಕು. ನಿಂಬೆಗಾತ್ರದ ಹುಣಸೆಹಣ್ಣಿನ ರಸಕ್ಕೆ ಉಪ್ಪು, ಬೆಲ್ಲ, ಎರಡು ಚಮಚ ಸಾರಿನ ಪುಡಿ ಹಾಕಿ, ಅದರಲ್ಲಿ ಅವಲಕ್ಕಿ ಕಲಸಿ ಅರ್ಧ ಗಂಟೆ ಬಿಡಬೇಕು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ಅರಳಿರುತ್ತದೆ. ಕಡಲೆಬೀಜದ ಒಗ್ಗರಣೆ, ಕೊಬ್ಬರಿ ತುರಿ ಬಿದ್ದರೆ ತಿಂಡಿ. ಆದರೆ ಆ ಎರಡು ಚಮಚ ಸಾರಿನ ಪುಡಿ? ಅದಕ್ಕಾಗಿ ಅವರು ಮೆಣಸಿನಕಾಯಿಯನ್ನೂ ಧನಿಯವನ್ನೂ ತಾರಸಿಯ ಮೇಲೆ ಒಣಗಿಸಿ, ಕಾಗೆ ಓಡಿಸುತ್ತ ಕೂತದ್ದನ್ನು ನಾನೇ ನೋಡಿದ್ದೆ. ಅವಸರದ ಅಡುಗೆಗೆಲ್ಲ ಬೇಕಾದ ಮುಖ್ಯ ಸಾಮಾನು ‘ನಿನ್ನೆ’ ಎಂದು ಆಗ ಹೊಳೆಯಿತು. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅಂಗಡಿಯವರು ಪ್ರಯತ್ನ ಮಾಡದೆ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಎಂದು ಬೆಂಗಳೂರಿನ ಎಂ.ಟಿ.ಆರ್. ಹೇಳಿಕೊಳ್ಳುತ್ತದೆ. ನನ್ನ ಕಣ್ಣಿಗೆ ಅದರ ದೊಡ್ಡ ಸಾಧನೆ ಅಕ್ಕಿ ಉಳಿಸಿದ್ದಕ್ಕಿಂತ ರಾತ್ರಿ ಉಳಿಸಿದ್ದು. ನೆನೆಹಾಕಿ, ರುಬ್ಬಿ, ಹುದುಗಲು ಕಾಯುವ ಒಂದಿಡೀ ರಾತ್ರಿ. ಇನ್ನು ಬರೆದಿಟ್ಟವರ ಕಡೆ ನೋಡಿದರೆ, ಮೂರನೇ ಮಂಗರಸ ಸುಮಾರು 1508ರಲ್ಲೇ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿ ಹೇಳಿದ. ಅಡುಗೆಯನ್ನು ಛಂದಸ್ಸಿಗೆ ಕೂರಿಸಿದವನಿಗೆ ಆಫೀಸಿನ ಬಸ್ಸು ತಪ್ಪುವ ಭಯ ಇದ್ದಿರಲಾರದು.

ಹಾಗಾದರೆ ‘ಅದರಲ್ಲೇನಿಲ್ಲ’ ಎನ್ನುವುದು ಸುಳ್ಳೇ? ಬಹಳ ದಿನ ಹಾಗೆಂದೇ ತಿಳಿದಿದ್ದೆ. ಈಗ ಅನುಮಾನ. ಇಷ್ಟಿಷ್ಟು ಕೆಲಸವಿದೆ ಎಂದು ಮೊದಲೇ ಪಟ್ಟಿ ಒಪ್ಪಿಸಿದರೆ ಕೇಳಿದವನು ಒಲೆ ಹಚ್ಚುವುದೇ ಇಲ್ಲ. ಹಚ್ಚಲಿ ಎಂದು ಹಾಗೆ ಹೇಳುತ್ತಾರೆ. ಜೊತೆಗೆ ಇನ್ನೊಂದು ಕಾರಣವೂ ಇರಬೇಕು. ನಲವತ್ತು ವರ್ಷ ಮಾಡಿದ ಕೆಲಸವನ್ನು ಮನೆಯಲ್ಲಿ ಯಾರೂ ಕೆಲಸವೆಂದು ಎಣಿಸದಿದ್ದರೆ, ಮಾಡುವವರೂ ಎಣಿಸುವುದನ್ನು ಬಿಟ್ಟುಬಿಡುತ್ತಾರೆ.

ಹೋದ ತಿಂಗಳು ಪುಣೆಯಿಂದ ತಂಗಿಯ ಮಗ ಫೋನು ಮಾಡಿದ. ಹೊಸ ಕೆಲಸ, ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ‘ಮಾವ, ಉಪ್ಪಿಟ್ಟು ಗಂಟುಗಂಟಾಯ್ತು. ಹೇಗ್ ಮಾಡೋದು?’

‘ಅದ್ರಲ್ಲೇನ್...’ ಎಂದವನು ನಾಲಗೆ ಕಚ್ಚಿಕೊಂಡೆ. ‘ರವೆ ಹುರಿದಿದ್ಯಾ?’

‘ಹುರೀಬೇಕಾ?’

ಹೇಳಿದೆ. ಭಾನುವಾರ ಒಂದು ಕಿಲೋ ರವೆಯನ್ನು ಸಣ್ಣ ಉರಿಯಲ್ಲಿ, ಮೊಬೈಲು ಮುಟ್ಟದೆ, ಇಪ್ಪತ್ತು ನಿಮಿಷ ಹುರಿದು, ಆರಿಸಿ ಡಬ್ಬಿಗೆ ತುಂಬು. ವಾರದ ದಿನ ಒಗ್ಗರಣೆ ಹಾಕಿ, ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು ಮಳ್ಳಿಸು. ಎಡಗೈಯಿಂದ ರವೆ ಉದುರಿಸುತ್ತ ಬಲಗೈಯಿಂದ ತಿರುವು. ಆಮೇಲೆ ಮುಚ್ಚಿ ಐದು ನಿಮಿಷ ಬಿಡು.

‘ಅಂದ್ರೆ ಹತ್ತು ನಿಮಿಷ ಅಲ್ಲ, ಅರ್ಧ ಗಂಟೆ’ ಎಂದ.

‘ಹೌದು. ಅರ್ಧ ಗಂಟೆ’ ಎಂದು ಒಪ್ಪಿಕೊಂಡೆ.

ಎರಡು ವಾರ ಬಿಟ್ಟು ಅವನಿಂದ ಫೋಟೊ ಬಂತು. ಹೂವಿನಂತೆ ಬಿಡಿಬಿಡಿಯಾದ ಉಪ್ಪಿಟ್ಟು, ಸಹೋದ್ಯೋಗಿಗಳ ನಾಲ್ಕು ತಟ್ಟೆ. ಖುಷಿಯಾಗಿ ಫೋನು ಮಾಡಿ, ಅಷ್ಟು ಜನಕ್ಕೆ ಅದು ಹೇಗಪ್ಪಾ ಮಾಡಿದೆ ಎಂದೆ.

‘ಅದ್ರಲ್ಲೇನಿಲ್ಲ ಮಾವ’ ಎಂದ.