ತೋಳು ನೊಂದಾಗ

ದೇಹಕ್ಕೆ ಒದಗುವ ನೋವುಗಳಲ್ಲಿ ಕಾರಣವು ಎದುರಿಗೇ ಕಾಣುವಂಥವು ಕೆಲವು. ಈಳಿಗೆಮಣೆಯ ಅಲಗು ತಾಗಿ ಬೆರಳು ಕೊಯ್ದಾಗ, ಹೊಸ್ತಿಲನ್ನು ಎಡವಿ ಕಾಲಿನ ಉಗುರು ಕಿತ್ತಾಗ, ನೋವು ಎಷ್ಟೇ ತೀವ್ರವಾಗಿರಲಿ, ಅದರ ವಿಷಯದಲ್ಲಿ ಮನಸ್ಸಿಗೆ ಸಂಶಯವೆಂಬುದಿರುವುದಿಲ್ಲ. ಅರಿಸಿನವನ್ನೋ ಬಟ್ಟೆಯ ಪಟ್ಟಿಯನ್ನೋ ಹುಡುಕುತ್ತ ಮನೆಯವರೆಲ್ಲ ಓಡಾಡುತ್ತಾರೆ. ಆದರೆ ಹಿಂದಿನ ರಾತ್ರಿ ಸುಖವಾಗಿ ಮಲಗಿದವನು ಬೆಳಗಿನ ಜಾವದಲ್ಲಿ ಎಚ್ಚರಗೊಂಡು, ಭುಜದ ಕೆಳಗಿನಿಂದ ಮೊಣಕೈವರೆಗೆ ತೋಳಿನ ಮಾಂಸವೆಲ್ಲ ಬಿಗಿದು ಸೆಳೆಯುತ್ತಿರುವುದನ್ನು ಅನುಭವಿಸಿ, ಬಿದ್ದದ್ದುಂಟೆ, ಏಟು ತಿಂದದ್ದುಂಟೆ, ಭಾರ ಹೊತ್ತದ್ದುಂಟೆ ಎಂದು ನೆನಪನ್ನು ಶೋಧಿಸಿ ಏನನ್ನೂ ಕಾಣದೆ ಹೋದಾಗ, ಆ ನೋವಿನೊಡನೆ ಇನ್ನೊಂದು ಬಾಧೆಯೂ ಸೇರಿಕೊಳ್ಳುತ್ತದೆ. ಊತವಿಲ್ಲ, ಗಾಯವಿಲ್ಲ, ಮೈ ಬಿಸಿಯಿಲ್ಲ. ಯಾರಿಗಾದರೂ ತೋರಿಸೋಣವೆಂದರೆ ಚರ್ಮದ ಮೇಲೆ ಗುರುತೇ ಇಲ್ಲ. ಇಂಥವನು ನೋವಿನಿಂದ ಎಷ್ಟು ಬಳಲುತ್ತಾನೆಯೋ ಭಯದಿಂದಲೂ ಅಷ್ಟೇ ಬಳಲುತ್ತಾನೆ. ಅವನ ಮಾತನ್ನು ಹಗುರವಾಗಿ ತೆಗೆದುಕೊಂಡು, “ಮಗ್ಗುಲು ಸರಿಯಾಗಿ ಮಲಗಿಲ್ಲ, ಅಷ್ಟೆ” ಎಂದು ಸುಮ್ಮನಾಗುವವರ ಮೇಲೆ ನನಗೆ ಬಹುಕಾಲದಿಂದಲೂ ಅಸಮಾಧಾನವಿದೆ.

ಕಾರಣವಿಲ್ಲದೆ ಬಂದಿತೆಂದು ನಾವು ಹೇಳುವ ತೋಳುನೋವಿಗೆ ಕಾರಣವು ಬಹುಮಟ್ಟಿಗೆ ಬೇರೊಂದು ದಿನದಲ್ಲಿಯೋ ಬೇರೊಂದು ಅಂಗದಲ್ಲಿಯೋ ಇರುತ್ತದೆಂದು ನನ್ನ ನಂಬಿಕೆ. ಇದನ್ನು ನನಗೆ ಮೊದಲು ಮನಗಾಣಿಸಿದವರು, ವೈದ್ಯಗ್ರಂಥಗಳನ್ನು ನಾನು ಕಣ್ಣಿನಿಂದ ನೋಡುವುದಕ್ಕೂ ಬಹಳ ಮುಂಚೆ, ನಮ್ಮ ಮನೆಯಲ್ಲಿಯೇ ಇದ್ದ ಸೋದರತ್ತೆ. ನವರಾತ್ರಿ ಆರಂಭವಾದ ಒಂದು ಮುಂಜಾನೆ ನನ್ನ ಬಲದೋಳು ಮೇಲೇಳದೆ, ನೀರಿನ ಚೊಂಬನ್ನು ಎಡಗೈಯಲ್ಲಿ ಹಿಡಿದು ಹಿತ್ತಲಿನಿಂದ ಬರುತ್ತಿದ್ದುದನ್ನು ಕಂಡು ಅವರು ನನ್ನನ್ನು ಜಗುಲಿಯ ಮೇಲೆ ಕೂರಿಸಿಕೊಂಡರು. “ಇವತ್ತಿನದು ಬೇಡ ಮಗು, ನಿನ್ನೆಯದೂ ಬೇಡ, ಮೊನ್ನೆ ಏನು ಮಾಡಿದೆ, ಅದನ್ನು ಹೇಳು” ಎಂದರು. “ಏನೂ ಇಲ್ಲ ಅತ್ತೆ, ಗೊಂಬೆಯ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿಕೊಟ್ಟೆ. ಅವು ಭಾರವೇನೂ ಇರಲಿಲ್ಲ” ಎಂದೆ. “ಹತ್ತಿಸಿದ ಕೈ ಅಷ್ಟು ನೋಯೋದಿಲ್ಲ ಕಣೋ, ಇಳಿಸಿದ ಕೈ ನೋಯುತ್ತೆ. ವರ್ಷಕ್ಕೊಂದು ಸಲ ಮಾಡೋ ಕೆಲಸ, ಮೂರನೆಯ ದಿನಕ್ಕೆ ತಾನೆ ತಿಳಿಯೋದು” ಎಂದು ಹೇಳಿ, ಅಡಿಗೆಮನೆಯ ಕಡೆ ನೋಡಿ ಎಣ್ಣೆ ಕಾಯಿಸಲು ಕೂಗಿ ಹೇಳಿದರು.

ಆ ಮಾತಿನಲ್ಲಿ ಎಷ್ಟು ಸೂಕ್ಷ್ಮವಾದ ಅವಲೋಕನವಿದ್ದಿತೆಂಬುದು ಅನಂತರದ ಓದಿನಿಂದ ನನಗೆ ತಿಳಿಯಿತು. ಭಾರವನ್ನು ಎತ್ತುವಾಗ ಸ್ನಾಯುವು ಕುಗ್ಗುತ್ತ ಕೆಲಸಮಾಡುತ್ತದೆ. ಅದೇ ಭಾರವನ್ನು ಮೆಲ್ಲಗೆ ಕೆಳಗಿಳಿಸುವಾಗ ಬಿಗಿಯನ್ನು ಬಿಡದೆಯೇ ಉದ್ದವಾಗುತ್ತ ಹೋಗಬೇಕಾಗುತ್ತದೆ. ಇಳಿಸುವುದು ಎತ್ತುವುದಕ್ಕಿಂತ ಸುಲಭವೆಂದು ಮನಸ್ಸಿಗೆ ತೋರಿದರೂ, ಅಭ್ಯಾಸವಿಲ್ಲದ ಸ್ನಾಯುವಿನ ತಂತುಗಳಲ್ಲಿ ಅತಿಸೂಕ್ಷ್ಮವಾದ ಹರಕುಗಳು ಹೆಚ್ಚಾಗಿ ಉಂಟಾಗುವುದು ಈ ಎರಡನೆಯ ಬಗೆಯ ಕೆಲಸದಲ್ಲಿಯೇ. ಆ ಹರಕುಗಳ ಸುತ್ತ ಉರಿಯೂತವು ಬೆಳೆದು ನೋವು ಪ್ರಕಟವಾಗುವುದಕ್ಕೆ ಹೊತ್ತು ಹಿಡಿಯುತ್ತದೆ. ಕೆಲಸ ಮುಗಿದ 24 ಗಂಟೆಗಳಿಂದ 72 ಗಂಟೆಗಳ ನಡುವೆ ಅದು ಪರಮಾವಧಿಯನ್ನು ಮುಟ್ಟುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ಥಿಯೊಡೋರ್ ಹಾಫ್ 1902ರಲ್ಲಿಯೇ ಈ ತಡವಾದ ನೋವನ್ನು ಕುರಿತು ಬರೆದು, ಸ್ನಾಯುವಿನೊಳಗಿನ ಹರಕೇ ಇದಕ್ಕೆ ಮೂಲವಾಗಿರಬೇಕೆಂದು ಅಭಿಪ್ರಾಯಪಟ್ಟಿದ್ದನು. ದುಡಿದ ಸ್ನಾಯುವಿನಲ್ಲಿ ಒಂದು ಬಗೆಯ ಆಮ್ಲವು ಉಳಿದು ನೋಯಿಸುತ್ತದೆಂಬ ಮಾತು ಈಗಲೂ ಪ್ರಚಾರದಲ್ಲಿದೆಯಾದರೂ, ಆ ಆಮ್ಲವು ಸುಮಾರು ಒಂದು ಗಂಟೆಯೊಳಗಾಗಿ ಕರಗಿಹೋಗುವಂಥದಾದ್ದರಿಂದ ಮೂರನೆಯ ದಿನದ ನೋವಿಗೆ ಅದನ್ನು ಹೊಣೆಮಾಡಲಾಗದು. ಅಂತೂ ನೋವಿಗೂ ಕೆಲಸಕ್ಕೂ ನಡುವೆ ಎರಡು ರಾತ್ರಿಗಳು ಕಳೆದುಹೋಗುವುದರಿಂದ, ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ನಾವು ಮರೆಯುತ್ತೇವೆ. ತೋಟದಲ್ಲಿ ಬಾವಿಯ ಕೊಡವನ್ನು ಬಹುಕಾಲದ ಮೇಲೆ ಸೇದಿದವರು, ಮಗಳ ಮನೆಗೆ ಹೋಗಿ ಮೊಮ್ಮಗುವನ್ನು ದಿನವಿಡೀ ಎತ್ತಿಕೊಂಡು ಬಂದವರು, ಸುಣ್ಣ ಬಳಿಯಲು ಕೈ ಮೇಲೆತ್ತಿದವರು, ಎಲ್ಲರಿಗೂ ನಾನು ಈಚೆಗೆ ಅತ್ತೆಯ ಪ್ರಶ್ನೆಯನ್ನೇ ಕೇಳುತ್ತೇನೆ. ಉತ್ತರ ದೊರೆತೊಡನೆ ಅವರ ಮುಖದ ಮೇಲಿನ ಭೀತಿ ಇಳಿಯುವುದನ್ನು ಕಾಣುವುದು ನನಗೊಂದು ಸಂತೋಷ.

ಇನ್ನು ಕಾರಣವು ಬೇರೊಂದು ಸ್ಥಳದಲ್ಲಿರುವ ಸಂದರ್ಭ. 1938ರಲ್ಲಿ ಲಂಡನ್ನಿನ ಯುವ ವೈದ್ಯ ಜೋನಸ್ ಕೆಲ್‌ಗ್ರೆನ್ ಎಂಬಾತನು ಆರೋಗ್ಯವಂತರ ಸ್ನಾಯುಗಳಿಗೆ ತೀಕ್ಷ್ಣವಾದ ಉಪ್ಪುನೀರನ್ನು ಸ್ವಲ್ಪಸ್ವಲ್ಪವೇ ಸೂಜಿಯಿಂದ ಸೇರಿಸಿ, ನೋವು ಎಲ್ಲಿ ಕಾಣಿಸಿಕೊಳ್ಳುತ್ತದೆಂಬುದನ್ನು ಗುರುತುಹಾಕಿಕೊಂಡನು. ಸೂಜಿ ಚುಚ್ಚಿದ್ದು ಒಂದೆಡೆ, ನೊಂದದ್ದು ಇನ್ನೊಂದೆಡೆ! ಹೆಗಲೆಲುಬಿನ ಮೇಲಿನ ಸ್ನಾಯುವಿಗೆ ಚುಚ್ಚಿದರೆ ಭುಜದ ತುದಿಯಲ್ಲಿಯೂ ತೋಳಿನಲ್ಲಿಯೂ ನೋವು ತೋರಿತು. ಜಾನೆಟ್ ಟ್ರಾವೆಲ್ ಎಂಬ ಅಮೆರಿಕದ ವೈದ್ಯೆ, ಮುಂದೆ 1961ರಲ್ಲಿ ಅಧ್ಯಕ್ಷ ಕೆನಡಿಯವರ ವೈದ್ಯೆಯಾದವರು, ಸ್ನಾಯುವಿನೊಳಗೆ ಬಟಾಣಿಯಂತೆ ಬೆರಳಿಗೆ ಸಿಕ್ಕುವ ಬಿಗಿದ ಗಂಟುಗಳನ್ನೂ ಅವುಗಳಿಂದ ದೂರಕ್ಕೆ ಹಬ್ಬುವ ನೋವನ್ನೂ ಅಧ್ಯಯನ ಮಾಡುವುದರಲ್ಲಿ ತಮ್ಮ ಜೀವಮಾನದ ಬಹುಭಾಗವನ್ನು ಕಳೆದರು. ಆ ಗಂಟುಗಳ ನಿಜಸ್ವರೂಪದ ವಿಷಯದಲ್ಲಿ ವೈದ್ಯರಲ್ಲಿ ಒಮ್ಮತವಿಲ್ಲದಿದ್ದರೂ, ತೋಳಿನ ನೋವನ್ನು ಬೆನ್ನಿನಲ್ಲಿ ಹುಡುಕಬೇಕಾದದ್ದುಂಟೆಂಬ ಅವರ ಉಪದೇಶವನ್ನು ನಾನು ಆದರದಿಂದ ಸ್ವೀಕರಿಸುತ್ತೇನೆ. ತೋಳಿಗೆ ಹೋಗುವ ನರಗಳು ಬಹುಮಟ್ಟಿಗೆ ಕುತ್ತಿಗೆಯ ಕೆಳಭಾಗದಿಂದ ಹೊರಟು, ಕಂಕುಳನ್ನು ಹಾಯ್ದು ಬೆರಳ ತುದಿಯವರೆಗೆ ಸಾಗತಕ್ಕವುಗಳಾದ್ದರಿಂದ, ಕುತ್ತಿಗೆಯಲ್ಲಿ ಒಂದು ನರಕ್ಕೆ ಒತ್ತಡ ಬಿದ್ದರೂ ದೂರು ಬರುವುದು ತೋಳಿನಿಂದಲೇ. ಆಗ ನೋವಿನ ಜೊತೆಗೆ ಜೋಮೂ ಚುಚ್ಚುವಿಕೆಯೂ ಬೆರಳುಗಳಿಗೆ ಇಳಿಯುತ್ತವೆ. ನಮ್ಮ ಪ್ರಾಚೀನರೂ ಇದನ್ನು ಗಮನಿಸದೆ ಬಿಟ್ಟಿರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಮೊದಲ ಅಧ್ಯಾಯವೇ ವಾತವ್ಯಾಧಿಗಳದು. ಅಲ್ಲಿ ಭುಜದ ಬಂಧಗಳನ್ನು ಒಣಗಿಸಿ ತೋಳನ್ನು ಸ್ತಂಭಿಸುವ ಅವಬಾಹುಕವೂ, ತೋಳಿನ ಹಿಂಭಾಗದಿಂದ ಬೆರಳುಗಳವರೆಗಿನ ಕಂಡರಗಳನ್ನು, ಎಂದರೆ ಸ್ನಾಯುರಜ್ಜುಗಳನ್ನು, ಹಿಡಿದು ಕೈಯ ವ್ಯಾಪಾರವನ್ನೇ ಕೆಡಿಸುವ ವಿಶ್ವಾಚಿಯೂ ಬೇರೆಬೇರೆಯಾಗಿ ಹೇಳಲ್ಪಟ್ಟಿವೆ.

ಬೇರೆಡೆಯಿಂದ ಬರುವ ನೋವುಗಳಲ್ಲಿ ಒಂದನ್ನು ಮಾತ್ರ ಅರೆಗಳಿಗೆಯೂ ತಡಮಾಡದೆ ವಿಚಾರಿಸಬೇಕು. 1768ರಲ್ಲಿ ಲಂಡನ್ನಿನ ವೈದ್ಯರ ಸಭೆಯ ಮುಂದೆ ವಿಲಿಯಂ ಹೆಬರ್ಡನ್ ಒಂದು ಪ್ರಬಂಧವನ್ನು ಓದಿದನು. ನಡೆಯುವಾಗ, ಅದರಲ್ಲಿಯೂ ಏರನ್ನು ಹತ್ತುವಾಗ ಅಥವಾ ಊಟವಾದೊಡನೆ ನಡೆಯುವಾಗ, ಎದೆಯನ್ನು ಹಿಸುಕಿದಂತಾಗಿ, ನಿಂತೊಡನೆ ಮಾಯವಾಗುವ ನೋವೊಂದನ್ನು ವರ್ಣಿಸಿ, ಅದು ಅನೇಕರಲ್ಲಿ ಎಡದೋಳಿನ ನಡುವಿನವರೆಗೆ ಹರಡುತ್ತದೆಂದು ತಿಳಿಸಿದನು. ಹೃದಯದ ನೋವನ್ನು ಒಯ್ಯುವ ನರಗಳೂ ತೋಳಿನ ಒಳಮಗ್ಗುಲಿನ ನರಗಳೂ ಬೆನ್ನುಹುರಿಯ ಒಂದೇ ಭಾಗವನ್ನು ಹೊಕ್ಕು ಸೇರುತ್ತವೆ. ಒಂದೇ ವಠಾರದ ಎರಡು ಮನೆಗಳ ಕಾಗದಗಳು ಒಂದೇ ಪೆಟ್ಟಿಗೆಗೆ ಬಿದ್ದಾಗ ಯಾವ ಮನೆಯದೆಂದು ತಿಳಿಯದೆ ಹೋಗುವಂತೆ, ಮೆದುಳು ಹೃದಯದ ಸುದ್ದಿಯನ್ನು ತೋಳಿನದೆಂದು ಭಾವಿಸುತ್ತದೆ. ಆದುದರಿಂದ ತೋಳುನೋವಿನೊಡನೆ ಎದೆ ಬಿಗಿದರೆ, ತಣ್ಣನೆಯ ಬೆವರು ಬಂದರೆ, ಉಸಿರು ಸಾಲದಾದರೆ, ವಾಕರಿಕೆಯೋ ದವಡೆಯ ನೋವೋ ಕೂಡಿಬಂದರೆ, ಎಣ್ಣೆಯನ್ನೂ ಶಾಖವನ್ನೂ ಅತ್ತಲಿರಿಸಿ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೊರಡತಕ್ಕದ್ದು. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ಎದೆನೋವೇ ಇಲ್ಲದೆ ತೋಳುನೋವೂ ಆಯಾಸವೂ ಮಾತ್ರ ತೋರುವುದುಂಟು. ಬಲದೋಳಾದ ಮಾತ್ರಕ್ಕೆ ನಿರ್ಭಯವೆಂದೂ ಇಲ್ಲ. “ಗ್ಯಾಸಾಗಿರಬೇಕು” ಎಂದು ಜೀರಿಗೆ ಕಷಾಯ ಕುಡಿಸುತ್ತ ಬೆಳಗಾಗುವವರೆಗೆ ಕಾಯುವ ಸಂಸಾರಗಳನ್ನು ನೆನೆದಾಗ ನನ್ನ ಮನಸ್ಸು ಕಳವಳಗೊಳ್ಳುತ್ತದೆ.

ಆ ಶಂಕೆ ಪರಿಹಾರವಾದ ಮೇಲೆ, ಉಳಿದ ನೋವಿಗೆ ಉಪಶಮನವನ್ನು ನಿಶ್ಚಿಂತೆಯಿಂದ ಅರಸಬಹುದು. ಅತ್ತೆಯ ಕ್ರಮ ಹೀಗಿತ್ತು: ಎಳ್ಳೆಣ್ಣೆಯಲ್ಲಿ ಲಕ್ಕಿಸೊಪ್ಪನ್ನು ಅದು ಗರಿಗರಿಯಾಗುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ, ಸೋಸಿ, ಕೆಳಗಿಳಿಸಿದ ಮೇಲೆ ಒಂದು ಚೂರು ಕರ್ಪೂರವನ್ನು ಹಾಕಿ, ಬೆರಳು ತಾಳುವಷ್ಟು ಆರಿದಾಗ ಮೊಣಕೈಯಿಂದ ಭುಜದ ಕಡೆಗೆ ಮೆಲ್ಲಮೆಲ್ಲನೆ ನೀವುವುದು, ಹಂಚಿನಲ್ಲಿ ಹುರಿದ ಕಲ್ಲುಪ್ಪನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಅದರಿಂದ ಶಾಖಕೊಡುವುದು, ಬಾಣಂತಿಯರ ಸ್ನಾನಕ್ಕೆಂದು ಕುದಿಸುವಂತೆ ಲಕ್ಕಿಸೊಪ್ಪು ಹಾಕಿ ಕುದಿಸಿದ ನೀರನ್ನು ತೋಳಿನ ಮೇಲೆ ಧಾರೆಯಾಗಿ ಹುಯ್ಯುವುದು. ಸ್ನೇಹನ ಸ್ವೇದನಗಳೆಂದು ಆಯುರ್ವೇದವು ಹೆಸರಿಟ್ಟು ವಿಧಿಸಿರುವುದನ್ನೇ ಅವರು ತಮ್ಮ ತಾಯಿಯಿಂದ ಕಲಿತಿದ್ದರು. ಶಾಖದಿಂದ ರಕ್ತಸಂಚಾರ ಹೆಚ್ಚಿ ಸ್ನಾಯುವಿನ ಬಿಗಿ ಸಡಿಲುತ್ತದೆಂಬುದು ಸರಿಯೇ. ಆದರೆ ನೀವಿದ ಕೈಯ ಹಿತವನ್ನು ಅದಷ್ಟರಿಂದಲೇ ವಿವರಿಸಲಾಗದು. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಸ್ಪರ್ಶವನ್ನು ಒಯ್ಯುವ ದಪ್ಪನೆಯ ನರತಂತುಗಳು ಚುರುಕಾದಾಗ, ನೋವನ್ನು ಒಯ್ಯುವ ಸಣ್ಣ ತಂತುಗಳ ಸುದ್ದಿಗೆ ಬೆನ್ನುಹುರಿಯಲ್ಲಿಯೇ ತಡೆಯುಂಟಾಗುತ್ತದೆ. ಏಟು ಬಿದ್ದ ಮಗುವಿನ ಮೊಣಕಾಲನ್ನು ತಾಯಿ ಉಜ್ಜುವುದೂ ಆ ಮಗು ಅಳುವನ್ನು ನಿಲ್ಲಿಸುವುದೂ ಈ ಮಾರ್ಗದಿಂದಲೇ. ಇದಲ್ಲದೆ, ನಮ್ಮ ನೋವನ್ನು ನಂಬಿ ಇನ್ನೊಬ್ಬರು ಮಗ್ಗುಲಲ್ಲಿ ಕುಳಿತಿದ್ದಾರೆಂಬ ಅರಿವಿಗೂ ನೋವನ್ನು ತಗ್ಗಿಸುವ ಶಕ್ತಿಯುಂಟು. ಭಯವು ನೋವನ್ನು ಹೆಚ್ಚಿಸುತ್ತದೆಂಬುದನ್ನು ಒಪ್ಪುವವರು ಇದನ್ನೂ ಒಪ್ಪಲೇಬೇಕು.

ಉಳುಕು ತೆಗೆಯುತ್ತೇವೆಂದು ತೋಳನ್ನು ಹಿಡಿದು ತಟಕ್ಕನೆ ಎಳೆಯುವವರ ಕೈಗೆ ಮಾತ್ರ ಯಾರೂ ತಮ್ಮ ಭುಜವನ್ನು ಒಪ್ಪಿಸಬಾರದು. ಹರಿದ ತಂತುವನ್ನು ಬಲಾತ್ಕಾರದಿಂದ ಎಳೆದರೆ ಅದು ಇನ್ನೂ ಹರಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಚರ್ಮದ ಅರಿವು ಮಂದವಾದವರಿಗೆ ಶಾಖಕೊಡುವಾಗ ಬೇರೆಯವರು ತಮ್ಮ ಕೈಯಲ್ಲಿ ಬಿಸಿಯನ್ನು ಪರೀಕ್ಷಿಸಿ ಕೊಡಬೇಕು. ಆಗತಾನೆ ಏಟು ಬಿದ್ದು ಊದಿಕೊಂಡ ತೋಳಿಗೆ ಶಾಖಕ್ಕಿಂತ ತಂಪೇ ಮೇಲು. ಪೇಟೆಯಲ್ಲಿ ದೊರೆಯುವ ಮುಲಾಮುಗಳಿಂದಲೂ ಸ್ವಲ್ಪಹೊತ್ತಿನ ಹಿತವುಂಟು. 1893ರಲ್ಲಿ ಮುಂಬಯಿಯಲ್ಲಿ ಕಾಶೀನಾಥುನಿ ನಾಗೇಶ್ವರರಾಯರು ಆರಂಭಿಸಿದ ಅಮೃತಾಂಜನದ ಹಳದಿ ಬಣ್ಣದ ಸೀಸೆ ನಮ್ಮ ಕಡೆಯ ಗೋಡೆಗೂಡುಗಳಲ್ಲಿ ತಲೆಮಾರುಗಳಿಂದ ಸ್ಥಾನ ಪಡೆದಿದೆ. ನೋವಿನ ಗುಳಿಗೆಗಳನ್ನು ಒಂದೆರಡು ದಿನ ತೆಗೆದುಕೊಂಡರೆ ಬಾಧಕವಿಲ್ಲವಾದರೂ, ಹೊಟ್ಟೆಯ ಹುಣ್ಣೋ ಮೂತ್ರಪಿಂಡದ ತೊಂದರೆಯೋ ಇರುವವರು ವೈದ್ಯರನ್ನು ಕೇಳದೆ ಅವುಗಳನ್ನು ಮುಟ್ಟದಿರುವುದು ಲೇಸು.

ಮೊದಲ ದಿನ ತೋಳಿಗೆ ವಿಶ್ರಾಂತಿ ಬೇಕು. ಆದರೆ ನೋಯುತ್ತದೆಂದು ವಾರಗಟ್ಟಲೆ ಅದನ್ನು ಎದೆಗೆ ಒತ್ತಿಹಿಡಿದು ಕೂರುವುದರಿಂದ ಕೇಡೇ ಹೆಚ್ಚು. ಭುಜದ ಕೀಲು ಬಿಗಿದುಕೊಳ್ಳುವ ಒಂದು ವ್ಯಾಧಿಗೆ 1934ರಲ್ಲಿ ಅರ್ನೆಸ್ಟ್ ಕಾಡ್‌ಮನ್ ಹೆಪ್ಪುಗಟ್ಟಿದ ಭುಜವೆಂದು ಹೆಸರಿಟ್ಟನು. ನಡುವಯಸ್ಸಿನವರಲ್ಲಿ, ವಿಶೇಷವಾಗಿ ಸಕ್ಕರೆ ಕಾಯಿಲೆಯವರಲ್ಲಿ, ಅದು ಕಾಣಿಸಿಕೊಂಡು ಒಂದು ವರ್ಷಕ್ಕೂ ಮೀರಿ ಕಾಡುತ್ತದೆ. ಮುಂದಕ್ಕೆ ಬಾಗಿ, ಒಂದು ಕೈಯನ್ನು ಮೇಜಿನ ಮೇಲೆ ಊರಿ, ನೊಂದ ತೋಳನ್ನು ಸಡಿಲವಾಗಿ ಇಳಿಬಿಟ್ಟು ಹಿಂದುಮುಂದಕ್ಕೆ ತೂಗುವ ಸುಲಭವಾದ ವ್ಯಾಯಾಮವೂ ಆತನದೇ. ಅತ್ತೆಯಾದರೋ ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿ, ಬೆರಳುಗಳನ್ನು ಗೋಡೆಯ ಮೇಲೆ ಏರಿಸುತ್ತ ಹೋಗುವಂತೆ ಹೇಳಿ, ನೋವು ತಡೆದ ಕಡೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಹಬ್ಬ ಮುಗಿಯುವ ಹೊತ್ತಿಗೆ ಗೆರೆಗಳು ನನ್ನ ತಲೆಯನ್ನು ದಾಟಿದ್ದವು.

ನೋವು ತಾನಾಗಿ ತಗ್ಗಿತೆಂದ ಮೇಲೂ ಒಂದು ಪರೀಕ್ಷೆಯನ್ನು ಮಾಡಿಕೊಳ್ಳಬೇಕೆಂದು ನಾನು ಎಲ್ಲರಿಗೂ ಒತ್ತಿಹೇಳುತ್ತೇನೆ. 1948ರಲ್ಲಿ ಪಾರ್ಸನೇಜ್ ಮತ್ತು ಟರ್ನರ್ ಎಂಬ ಇಂಗ್ಲೆಂಡಿನ ಇಬ್ಬರು ವೈದ್ಯರು 136 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಮುನ್ಸೂಚನೆಯಿಲ್ಲದೆ, ಹಲವರಿಗೆ ರಾತ್ರಿಯ ಹೊತ್ತಿನಲ್ಲಿ, ಭುಜದಲ್ಲಿಯೂ ತೋಳಿನಲ್ಲಿಯೂ ಅತಿದಾರುಣವಾದ ನೋವು ಹುಟ್ಟಿ, ಕೆಲವು ದಿನಗಳಲ್ಲಿಯೋ ವಾರಗಳಲ್ಲಿಯೋ ಶಮನವಾಗಿ, ರೋಗಿಯು ನಿಟ್ಟುಸಿರುಬಿಡುವಷ್ಟರಲ್ಲಿ ತೋಳಿನ ಬಲವು ಉಡುಗಿ ಸ್ನಾಯುಗಳು ಸೊರಗತೊಡಗುವ ನರವ್ಯಾಧಿಯದು. ಆದುದರಿಂದ ನೋವು ಹೋದ ತೋಳಿನಿಂದ ತುಂಬಿದ ಚೊಂಬನ್ನು ಎತ್ತಿನೋಡಬೇಕು, ತಲೆ ಬಾಚಿಕೊಳ್ಳಬೇಕು, ಅಂಗಿಯ ಗುಂಡಿ ಹಾಕಿಕೊಳ್ಳಬೇಕು. ಇವುಗಳಲ್ಲಿ ಯಾವುದು ಸಾಧ್ಯವಾಗದಿದ್ದರೂ ನರರೋಗತಜ್ಞರಲ್ಲಿಗೆ ಹೋಗಬೇಕು. ಈ ವ್ಯಾಧಿಯಲ್ಲಿ ಬಹುಜನರಿಗೆ ಬಲವು ಬಹುಪಾಲು ಮರಳಿ ಬರುವುದಾದರೂ ಅದಕ್ಕೆ ತಿಂಗಳುಗಳು, ಕೆಲವರಿಗೆ ಎರಡು ಮೂರು ವರ್ಷಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಕೀಲು ಬಿಗಿಯದಂತೆ ಆ ತೋಳನ್ನು ಇನ್ನೊಂದು ಕೈಯಿಂದ ಹಿಡಿದು ದಿನವೂ ಮೇಲೆತ್ತಿ ಇಳಿಸುತ್ತಿರಬೇಕು, ಆಗದಿದ್ದರೆ ಮನೆಯವರು ಆ ಕೆಲಸವನ್ನು ಮಾಡಿಕೊಡಬೇಕು.