ಔಷಧಿ ಬಾಯಿಗೆ ಹೋಗುವ ಮೊದಲು

ಕನ್ನಡದಲ್ಲಿ ದಾದಿ ಎಂದರೆ ನರ್ಸ್. ನಮ್ಮ ಉರ್ದು ಮಾತಾಡುವ ಮನೆಗಳಲ್ಲಿ ದಾದಿ ಎಂದರೆ ತಂದೆಯ ತಾಯಿ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಈಗೀಗ ಈ ಇಬ್ಬರೂ ಒಂದೇ ಸೂರಿನಡಿ ಸಿಗುತ್ತಾರೆ: ಸಕ್ಕರೆ ಕಾಯಿಲೆಯ ಅಜ್ಜಿ ಮತ್ತು ನರ್ಸಿಂಗ್ ಓದುವ ಮೊಮ್ಮಗಳು. ಹಿಂದೆ ಇಲ್ಲಿನ ಗಂಡಸರಿಗೆ ಕಬ್ಬಿಣದ ಕಾರ್ಖಾನೆ ಅಥವಾ ಕಾಗದದ ಕಾರ್ಖಾನೆಯ ನೌಕರಿ ಎಂಬ ಭರವಸೆಯಿತ್ತು. ಆ ಭರವಸೆ ಸಡಿಲವಾದ ಮೇಲೆ ಹೆಣ್ಣುಮಕ್ಕಳ ಓದಿನ ಬಗ್ಗೆ ಮನೆಯವರ ಮನಸ್ಸೂ ಬದಲಾಯಿತು. ಪಿ.ಯು.ಸಿ. ಮುಗಿಸಿದ ಹುಡುಗಿಯರು ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗೆಗೆ ಹೋಗುತ್ತಾರೆ. ಕೆಲವರು ಮೂರು ವರ್ಷದ ಜಿ.ಎನ್.ಎಂ., ಕೆಲವರು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್.

ನಾನು ಓದಿದ್ದು ಮದ್ರಸದಲ್ಲಿ, ಆಮೇಲೆ ಬಿ.ಎ. ವಿಜ್ಞಾನಕ್ಕೂ ನನಗೂ ದೂರ. ಆದರೂ ಮಗ್ರಿಬ್ ನಂತರ ಎರಡು ಮೂರು ಹುಡುಗಿಯರು ದಪ್ಪ ಪುಸ್ತಕ ಹಿಡಿದು ಬರುತ್ತಾರೆ. “ಆಪಾ, ಇಂಗ್ಲಿಷ್ ಅರ್ಥ ಆಗ್ತಿಲ್ಲ, ಹೇಳಿಕೊಡಿ” ಎನ್ನುತ್ತಾರೆ. ಪುಸ್ತಕದ ಹೆಸರು ಫಾರ್ಮಕಾಲಜಿ, ಅಂದರೆ ಔಷಧಿಗಳ ಶಾಸ್ತ್ರ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಅದು ಕಬ್ಬಿಣದ ಕಡಲೆ. ಅವರಿಗಾಗಿ ನಾನೂ ಓದತೊಡಗಿದೆ. ಪರೀಕ್ಷೆಗೆಂದು ಅವರು ಬಾಯಿಪಾಠ ಮಾಡುತ್ತಿದ್ದ ಸಂಗತಿಗಳು ನಿಜವಾಗಿ ನಮ್ಮ ಅಡುಗೆಮನೆಯ ಕಪಾಟಿಗೆ, ಫ್ರಿಜ್ಜಿನ ಬಾಗಿಲಿಗೆ ಸೇರಿದವು ಎಂದು ನನಗೆ ಆಗ ತಿಳಿಯಿತು.

ಮೊದಲು ಹೆಸರುಗಳ ಗೋಳು. ನೂರಾರು ಹೆಸರು, ನಾಲಗೆ ಹೊರಳುವುದಿಲ್ಲ. ಆದರೆ ಮದ್ರಸದಲ್ಲಿ ಸರ್ಫ್ ಕಲಿತವರಿಗೆ ಇದು ಪರಿಚಿತ ಆಟ. ಅರಬಿಯಲ್ಲಿ ಕಾತಿಬ್ ಎಂದರೆ ಬರೆಯುವವನು, ಮಕ್ತೂಬ್ ಎಂದರೆ ಬರೆಯಲ್ಪಟ್ಟದ್ದು. ವಝನ್ ಗೊತ್ತಿದ್ದರೆ ಹೊಸ ಶಬ್ದವನ್ನೂ ಊಹಿಸಬಹುದು. ಔಷಧಿಗಳಿಗೂ ಹಾಗೆಯೇ ಬಾಲಗಳಿವೆ. ಅಟೆನೊಲಾಲ್, ಮೆಟೊಪ್ರೊಲಾಲ್ ಎಂದು ‘ಒಲಾಲ್’ನಲ್ಲಿ ಮುಗಿಯುವ ಬಿ.ಪಿ. ಮಾತ್ರೆಗಳು ಹೃದಯದ ಬಡಿತವನ್ನು ನಿಧಾನಗೊಳಿಸುತ್ತವೆ. ರೋಗಿಗೆ ಉಬ್ಬಸವಿದ್ದರೆ ಇವುಗಳ ವಿಷಯದಲ್ಲಿ ಎಚ್ಚರ ಬೇಕು. ಎನಲಾಪ್ರಿಲ್, ರಾಮಿಪ್ರಿಲ್ ಎಂಬ ‘ಪ್ರಿಲ್’ ಬಾಲದವು ಕೆಲವರಿಗೆ ಒಣಕೆಮ್ಮು ತರುತ್ತವೆ, ಬಸುರಿಯರಿಗೆ ಕೊಡುವಂತಿಲ್ಲ. ಒಮೆಪ್ರಝೋಲ್, ಪ್ಯಾಂಟೊಪ್ರಝೋಲ್ ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಮನೆತನ. ಹೀಗೆ ಹೇಳಿಕೊಟ್ಟ ದಿನ ಹುಡುಗಿಯರು ನಕ್ಕರು. “ಆಪಾ, ನಮ್ಮ ಮೇಡಮ್‌ಗೂ ಸರ್ಫ್ ಕಲಿಸಬೇಕು” ಎಂದಳು ಒಬ್ಬಳು.

ಆದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವುದು ಈ ಹೆಸರಲ್ಲ, ಕಂಪನಿಯ ಹೆಸರು. ಕ್ರೋಸಿನ್, ಡೋಲೊ, ಕ್ಯಾಲ್ಪಾಲ್ ಮೂರರ ಒಳಗೂ ಇರುವುದು ಪ್ಯಾರಸಿಟಮಾಲ್. ಅನೇಕ ನೆಗಡಿ ಮಾತ್ರೆಗಳಲ್ಲೂ ಅದು ಬೆರೆತಿದೆ. ಜ್ವರಕ್ಕೊಂದು, ಮೈಕೈ ನೋವಿಗೊಂದು, ನೆಗಡಿಗೊಂದು ಎಂದು ನುಂಗುವವರು ಒಂದೇ ಔಷಧಿಯನ್ನು ಮೂರು ಪಾಲು ನುಂಗುತ್ತಿರುತ್ತಾರೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು. ದಾಟಿದರೆ ಪೆಟ್ಟು ಬೀಳುವುದು ಯಕೃತ್ತಿಗೆ.

ಯಕೃತ್ತು, ಅಂದರೆ ನಮ್ಮ ಕಲೇಜಿ, ಈ ಶಾಸ್ತ್ರದ ದೊಡ್ಡ ಪಾತ್ರಧಾರಿ. ನುಂಗಿದ ಮಾತ್ರೆ ಕರುಳಿನಿಂದ ರಕ್ತಕ್ಕೆ ಸೇರಿ ನೇರವಾಗಿ ಇಡೀ ಮೈಗೆ ಹೋಗುವುದಿಲ್ಲ. ಮೊದಲು ಯಕೃತ್ತಿನ ಮೂಲಕ ಹಾದುಹೋಗಬೇಕು. ಆಗುಂಬೆ ಘಾಟಿಯ ಚೆಕ್‌ಪೋಸ್ಟಿನಲ್ಲಿ ಲಾರಿ ತಡೆದು ತಪಾಸಣೆ ಮಾಡಿದಂತೆ, ಅಲ್ಲಿ ಒಂದಷ್ಟು ಔಷಧಿ ಒಡೆದುಹೋಗುತ್ತದೆ. ಎದೆನೋವಿಗೆ ಕೊಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಗೆಯ ಕೆಳಗೆ ಇಡಲು ಹೇಳುವುದು ಇದಕ್ಕೇ. ಅಲ್ಲಿಂದ ಅದು ಚೆಕ್‌ಪೋಸ್ಟ್ ತಪ್ಪಿಸಿ ನೇರ ರಕ್ತಕ್ಕೆ ಇಳಿಯುತ್ತದೆ. ಗಾಬರಿಯಲ್ಲಿ ಅದನ್ನು ನೀರು ಕುಡಿಸಿ ನುಂಗಿಸುವ ಮನೆಗಳಿವೆ. ಇನ್ಸುಲಿನ್ ಅನ್ನು ಚುಚ್ಚಿಯೇ ಕೊಡಬೇಕಾದದ್ದಕ್ಕೆ ಕಾರಣ ಬೇರೆ. ಅದು ಪ್ರೋಟೀನು, ಹೊಟ್ಟೆಗೆ ಹೋದರೆ ಮಾಂಸ ಮೊಟ್ಟೆಯಂತೆ ಜೀರ್ಣವಾಗಿಬಿಡುತ್ತದೆ.

ಮುದುಕರಿಗೆ ನುಂಗಲು ಕಷ್ಟವೆಂದು ಮಾತ್ರೆ ಕುಟ್ಟಿ ಜೇನಿನಲ್ಲಿ ಕಲಸಿ ಕೊಡುವುದು ನಮ್ಮಲ್ಲಿ ಸಾಮಾನ್ಯ. ಹೆಸರಿನ ಮುಂದೆ ಎಸ್.ಆರ್., ಎಕ್ಸ್.ಆರ್. ಎಂದಿದ್ದರೆ ದಯವಿಟ್ಟು ಕುಟ್ಟಬೇಡಿ. ಅದು ಇಡೀ ದಿನ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧಿ. ಕುಟ್ಟಿದರೆ ಒಟ್ಟಿಗೇ ರಕ್ತಕ್ಕೆ ನುಗ್ಗುತ್ತದೆ.

ಇನ್ನು ಹೊತ್ತಿನ ಲೆಕ್ಕ. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತಮ್ಮ ಅಲ್-ಕಾನೂನ್ ಗ್ರಂಥದಲ್ಲಿ ಔಷಧಿಯನ್ನು ಪರೀಕ್ಷಿಸುವ ನಿಯಮಗಳನ್ನು ಬರೆಯುವಾಗ, ಅದು ಕೆಲಸ ಮಾಡುವ ಸಮಯವನ್ನು ಗಮನಿಸಬೇಕೆಂಬುದನ್ನೂ ಸೇರಿಸಿದ್ದರು. ಇಂದಿನ ಪುಸ್ತಕ ಅದಕ್ಕೆ ಅಂಕಿ ಕೊಟ್ಟಿದೆ. ರಕ್ತದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಬೇಕಾದ ಕಾಲಕ್ಕೆ ಹಾಫ್ ಲೈಫ್ ಎನ್ನುತ್ತಾರೆ. ತಳದಲ್ಲಿ ಸಣ್ಣ ತೂತಿರುವ ಕೊಡವನ್ನು ನೆನೆಸಿಕೊಳ್ಳಿ. ಸೋರುವ ವೇಗಕ್ಕೆ ತಕ್ಕಂತೆ ನೀರು ಹಾಕುತ್ತಿರಬೇಕು. ಪ್ಯಾರಸಿಟಮಾಲ್ ಎರಡು ಮೂರು ಗಂಟೆಗೆ ಅರ್ಧವಾಗುತ್ತದೆ, ಆದ್ದರಿಂದಲೇ ಜ್ವರ ಮತ್ತೆ ಏರುತ್ತದೆ. ಥೈರಾಯ್ಡ್ ಮಾತ್ರೆ ಅರ್ಧವಾಗಲು ಸುಮಾರು ಒಂದು ವಾರ ಬೇಕು. ಡೋಸ್ ಬದಲಿಸಿದ ಮೇಲೆ ಆರು ವಾರ ಕಳೆದು ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರ್ ಹೇಳುವುದು ಸುಮ್ಮನೆ ಅಲ್ಲ. ಕೊಡದ ನೀರು ಹೊಸ ಮಟ್ಟಕ್ಕೆ ಬಂದು ನಿಲ್ಲಲು ಅಷ್ಟು ದಿನ ಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಈ ಮಾತ್ರೆ ನುಂಗಿ, ಹಿಂದೆಯೇ ಕಬ್ಬಿಣಾಂಶದ ಅಥವಾ ಕ್ಯಾಲ್ಸಿಯಂ ಮಾತ್ರೆ ನುಂಗುವ ಸಹೋದರಿಯರು ಬಹಳ ಜನ. ಎರಡಕ್ಕೂ ನಡುವೆ ನಾಲ್ಕು ಗಂಟೆಯಾದರೂ ಬಿಡಬೇಕು, ಇಲ್ಲವಾದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ರಮಝಾನಿನಲ್ಲಿ ಈ ಲೆಕ್ಕಕ್ಕೆ ಬೆಲೆ ಹೆಚ್ಚು. ಮೂರು ಹೊತ್ತಿನ ಮಾತ್ರೆಯನ್ನು ಸಹ್ರಿಗೆ ಒಂದು, ಇಫ್ತಾರಿಗೆ ಎರಡು ಎಂದು ತಾವೇ ಹಂಚಿಕೊಳ್ಳುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಕೆಲವು ಔಷಧಿಗಳ ಬದಲಿಗೆ ದಿನಕ್ಕೊಮ್ಮೆ ಸಾಕಾಗುವ ಬೇರೆಯದನ್ನು ಕೊಡಲು ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ಅದನ್ನು ಡಾಕ್ಟರರೇ ಹೇಳಬೇಕು, ಅದೂ ಚಂದ್ರ ಕಾಣುವ ಹಿಂದಿನ ದಿನವಲ್ಲ, ಒಂದೆರಡು ತಿಂಗಳು ಮೊದಲೇ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಸಕ್ಕರೆ ಮಾತ್ರೆಗಳು ಉಪವಾಸದಲ್ಲಿ ಸಕ್ಕರೆಯನ್ನು ಅಪಾಯಕ್ಕೆ ಇಳಿಸಬಲ್ಲವು. 70ಕ್ಕಿಂತ ಕೆಳಗೆ ಇಳಿದರೆ ಇಫ್ತಾರಿಗೆ ಹತ್ತೇ ನಿಮಿಷ ಉಳಿದಿದ್ದರೂ ಉಪವಾಸ ಬಿಡಬೇಕು. ರೋಗಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿರುವಾಗ ಅತ್ತೆಯೋ ನೆರೆಯವರೋ ಏನನ್ನುತ್ತಾರೆ ಎಂದು ಹೆದರುವುದೇಕೆ?

ಈ ಓದು ಒಂದು ಮನೆಯಲ್ಲಿ ಹೇಗೆ ಉಪಯೋಗಕ್ಕೆ ಬಂತೆಂದು ಹೇಳುತ್ತೇನೆ. ನನ್ನ ಬಳಿ ಬರುವ ಹುಡುಗಿಯೊಬ್ಬಳ ದಾದಿಗೆ ಬೆಳಿಗ್ಗೆ 20 ಯೂನಿಟ್ ಇನ್ಸುಲಿನ್. ಬಾಟಲಿ ಮುಗಿದಿತ್ತು. ಬೆಂಗಳೂರಿನಿಂದ ಬಂದ ಚಿಕ್ಕಪ್ಪ ಅದೇ ಹೆಸರಿನದನ್ನು ತಂದುಕೊಟ್ಟರು. ಸೊಸೆ ಎಂದಿನಂತೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರು. ಕಾಲೇಜಿಗೆ ಹೊರಟಿದ್ದ ಹುಡುಗಿ ಬಾಟಲಿ ತಿರುಗಿಸಿ ನೋಡಿದಳು. ಹಳೆಯದರ ಮೇಲೆ ಒಂದು ಎಂ.ಎಲ್.ಗೆ 40 ಯೂನಿಟ್ ಎಂದಿತ್ತು, ಇದರ ಮೇಲೆ 100. ಮನೆಯಲ್ಲಿದ್ದದ್ದು ಕೆಂಪು ಮುಚ್ಚಳದ ಸಿರಿಂಜು, ಅದು 40ರ ಬಾಟಲಿಗೆ ಮಾತ್ರ. 100ಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು ಬೇಕು. ಕೆಂಪು ಸಿರಿಂಜಿನ 20ರ ಗೆರೆ ಎಂದರೆ ಅರ್ಧ ಎಂ.ಎಲ್. ಹೊಸ ಬಾಟಲಿಯ ಅರ್ಧ ಎಂ.ಎಲ್.ನಲ್ಲಿ 50 ಯೂನಿಟ್! “ಅಮ್ಮಿ, ನಿಲ್ಲಿ” ಎಂದು ಕೈ ಹಿಡಿದಳಂತೆ. ಬಸ್ಸು ತಪ್ಪಿತು. ಆ ಇನ್ಸುಲಿನ್ ಮೈಗೆ ಹೋಗಿದ್ದರೆ ಮುದುಕಿ ಎಚ್ಚರ ತಪ್ಪುತ್ತಿದ್ದರು. ಸೊಸೆಗೆ ಓದು ಬಾರದೆ ಇರಲಿಲ್ಲ. ಬಾಟಲಿಯಲ್ಲಿ ಎರಡು ಬಗೆ ಇದೆ ಎಂದು ಅಂಗಡಿಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಯಾರೂ ಹೇಳಿರಲಿಲ್ಲ ಅಷ್ಟೆ.

ಮಕ್ಕಳ ಜ್ವರದ ಔಷಧಿಯಲ್ಲೂ ಇದೇ ಬಲೆ ಇದೆ. ಪ್ಯಾರಸಿಟಮಾಲ್ ಸಿರಪ್ಪಿನ 5 ಎಂ.ಎಲ್.ನಲ್ಲಿ ಸಾಮಾನ್ಯವಾಗಿ 120 ಅಥವಾ 125 ಮಿಲಿಗ್ರಾಂ ಇರುತ್ತದೆ, ಇನ್ನೊಂದು ಬಗೆಯದರಲ್ಲಿ 250. ಕೂಸುಗಳ ಡ್ರಾಪ್ಸ್‌ನಲ್ಲಾದರೋ ಒಂದೇ ಎಂ.ಎಲ್.ನಲ್ಲಿ 100. ಮಗುವಿನ ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕ. ಹತ್ತು ಕಿಲೋ ಮಗುವಿಗೆ 120ರ ಸಿರಪ್ಪು 5 ಎಂ.ಎಲ್. ಸರಿ. ಅದೇ 5 ಎಂ.ಎಲ್. ಡ್ರಾಪ್ಸ್ ಕುಡಿಸಿದರೆ 500 ಮಿಲಿಗ್ರಾಂ. ಅಕ್ಕನ ಮಗುವಿಗೆ ಬರೆದುಕೊಟ್ಟದ್ದನ್ನು ತಂಗಿಯ ಮಗುವಿಗೆ ಫೋನಿನಲ್ಲಿ ಹೇಳುವಾಗ “ಒಂದು ಮುಚ್ಚಳ” ಎನ್ನುತ್ತೇವಲ್ಲ, ಯಾವ ಬಾಟಲಿಯ ಮುಚ್ಚಳ?

ನರ್ಸಿಂಗ್ ಪಾಠದಲ್ಲಿ ಐದು ‘ಸರಿ’ಗಳಿವೆ. ಸರಿಯಾದ ರೋಗಿ, ಔಷಧಿ, ಪ್ರಮಾಣ, ಮಾರ್ಗ, ಸಮಯ. ಹುಡುಗಿಯರು ಇದನ್ನು ಕಲಿಮಾದಂತೆ ಒಪ್ಪಿಸುತ್ತಾರೆ. ಕಷ್ಟವಿರುವುದು ವಾರ್ಡಿನಲ್ಲಿ. ಡಾಕ್ಟರ್ ಬರೆಯುತ್ತಾರೆ, ಅಂಗಡಿಯವರು ಕೊಡುತ್ತಾರೆ, ಕೊನೆಯ ಕೈ ನರ್ಸಿನದು. ಆ ಕೈ ಅನುಮಾನ ಬಂದಾಗ ನಿಲ್ಲಬೇಕು. ಇನ್ಸುಲಿನ್ ಹುಡುಗಿಯೇ ತರಬೇತಿಗೆ ಹೋದ ಒಂದು ಆಸ್ಪತ್ರೆಯಲ್ಲಿ ಚೀಟಿಯ ಅಂಕಿ ಸ್ಪಷ್ಟವಿಲ್ಲವೆಂದು ಎರಡು ಸಲ ಕೇಳಿದ್ದಕ್ಕೆ, “ಕೊಡು ಅಂದರೆ ಕೊಡಬೇಕು, ನೀನೇನು ಡಾಕ್ಟರಾ?” ಎಂದು ಎಲ್ಲರ ಮುಂದೆ ಬೈಸಿಕೊಂಡಳು. ಅಂದು ಸಂಜೆ ಪುಸ್ತಕ ತೆರೆಯಲಿಲ್ಲ, ಅತ್ತಳು. ಅವಳ ಅಬ್ಬಾ ಓದು ಬಿಡಿಸುವ ಮಾತನ್ನೂ ಆಡಿದರು. ಮಾತಾಡದ ಹೆಣ್ಣುಮಗಳು ಒಳ್ಳೆಯವಳು ಎಂದು ಬೆಳೆಸಿದ್ದು ನಾವೇ. ಈಗ ಅವಳು ಬಾಯಿ ತೆರೆಯಬೇಕಾದ ಕೆಲಸಕ್ಕೆ ಸೇರಿದ್ದಾಳೆ. ಆ ಮಾತನ್ನು ನಾನು ಅವಳ ಅಬ್ಬಾನಿಗೂ ಹೇಳಿದೆ. ಅವರ ತಾಯಿಗೆ 50 ಯೂನಿಟ್ ಹೋಗುವುದನ್ನು ತಡೆದದ್ದು ಈ ಕೇಳುವ ಚಾಳಿಯೇ ಎಂದೂ ನೆನಪಿಸಿದೆ. ಅವರು ಏನೂ ಅನ್ನಲಿಲ್ಲ, ಚಹಾ ಕುಡಿದು ಎದ್ದರು.

ಮರುದಿನ ಅವಳು ಬೆಳಗಿನ ಬಸ್ಸಿಗೆ ಹೋದಳು. ಚೀಟಿಯಲ್ಲಿ ಅಂಕಿ ಕಾಣದಿದ್ದರೆ ಈಗಲೂ ಕೇಳುತ್ತಾಳಂತೆ, ಮೊದಲಿಗಿಂತ ಮೆಲ್ಲನೆಯ ದನಿಯಲ್ಲಿ.