ಬಿಚ್ಚುವ ಕೆಲಸ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಗಾದೆ ಎಲ್ಲ ಕಸುಬಿಗೂ ಹೊಂದುವುದಿಲ್ಲ. ಗಾಳದ ಕೋಲು ರಿಪೇರಿ ಮಾಡುವವರನ್ನು ಕೇಳಿ ನೋಡಿ. ಹೊಸ ಗೈಡುಗಳನ್ನು ಕಟ್ಟುವುದು ಒಂದು ಸಂಜೆಯ ಕೆಲಸವಾದರೆ, ಹಳೆಯವನ್ನು ಬಿಚ್ಚುವುದು ಮೂರು ಸಂಜೆಯ ಕೆಲಸ.

ಗೈಡ್ ಎಂದರೆ ಗಾಳದ ದಾರ ಹಾಯಲೆಂದು ಕೋಲಿನುದ್ದಕ್ಕೂ ಕೂರಿಸಿದ ಉಂಗುರಗಳು. ಪ್ರತಿಯೊಂದಕ್ಕೂ ಲೋಹದ ತೆಳ್ಳನೆಯ ಪಾದವಿರುತ್ತದೆ. ಆ ಪಾದವನ್ನು ಕೋಲಿಗೆ ನೂಲಿನಿಂದ ಬಿಗಿದು, ಮೇಲೆ ಎಪಾಕ್ಸಿ ಬಳಿಯುತ್ತಾರೆ. ಅದು ಒಣಗಿದರೆ ಗಾಜಿನ ಹಾಗೆ ಗಟ್ಟಿ. ವರ್ಷಗಳು ಕಳೆದಂತೆ ಹಳದಿಯಾಗಿ ಬಿರುಕು ಬಿಡುತ್ತದೆ, ಒಳಗೆ ನೀರಿಳಿದು ಪಾದ ತುಕ್ಕು ಹಿಡಿಯುತ್ತದೆ. ಉಂಗುರದ ಒಳಮೈಯಲ್ಲಿ ಬಿರುಕು ಅಥವಾ ಗೀರು ಬಿದ್ದಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಒಂದು ತುಣುಕು ಹತ್ತಿಯನ್ನು ಅದರೊಳಗೆ ತಿರುಗಿಸಬೇಕು. ಎಳೆ ಸಿಕ್ಕಿಕೊಂಡರೆ ಅಲ್ಲಿ ಗಾಳದ ದಾರವೂ ಒಂದು ದಿನ ತುಂಡಾಗುತ್ತದೆ.

ನನ್ನ ಕೈಗೆ ಬಂದದ್ದು ಸೋದರಮಾವನ ಕೋಲು. ಅವರು ಕಾವೇರಿ ತೀರದವರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಬಿಳಿಮೀನಿನ ಕತೆಯನ್ನು, ತಾವೇ ಪಕ್ಕದಲ್ಲಿ ನಿಂತು ನೋಡಿದವರಂತೆ ಹೇಳುತ್ತಿದ್ದರು. ಫೈಬರ್ ಗ್ಲಾಸಿನ ಆ ಕೋಲಿಗೆ ಕೆಂಪು ನೂಲು ಸುತ್ತಿದವರೂ ಅವರೇ. ಅವರು ತೀರಿಕೊಂಡ ಮೇಲೆ ಅತ್ತೆ ಅದನ್ನು ನನಗೆ ಕೊಟ್ಟು, "ಮೊಮ್ಮಗನಿಗೆ ಬೇಕಂತೆ, ಸರಿಮಾಡು. ಆದರೆ ನೂಲು ತೆಗೀಬೇಡ, ಅದು ಅವರ ಕೈಕೆಲಸ" ಎಂದರು.

ಹತ್ತಿ ನಾಲ್ಕು ಉಂಗುರಗಳಲ್ಲಿ ಸಿಕ್ಕಿಕೊಂಡಿತು. ಉಳಿದವುಗಳ ಪಾದಗಳೂ ತುಕ್ಕು ಹಿಡಿದಿದ್ದವು. ನೂಲು ಉಳಿಸಿದರೆ ಕೋಲು ಗೋಡೆಗೆ, ಕೋಲು ಉಳಿಸಿದರೆ ನೂಲು ಕಸಕ್ಕೆ. ಅತ್ತೆಗೆ ಹತ್ತಿಯನ್ನೇ ತೋರಿಸಿದೆ. ಬಹಳ ಹೊತ್ತು ನೋಡಿ, "ಹುಡುಗ ಮೀನು ಹಿಡೀಲಿ" ಎಂದರು.

ಮೊದಲು ಪ್ರತಿ ಉಂಗುರವೂ ತುದಿಯಿಂದ ಎಷ್ಟು ದೂರದಲ್ಲಿದೆ ಎಂದು ಅಳೆದು ಬರೆದುಕೊಳ್ಳಬೇಕು. ಆಮೇಲೆ ಹೊಸ ಬ್ಲೇಡು. ಇಲ್ಲಿ ಒಂದೇ ನಿಯಮ: ಬ್ಲೇಡು ಲೋಹದ ಪಾದದ ಮೇಲೆ ಮಾತ್ರ ಆಡಬೇಕು. ಚಪ್ಪಟೆಯಾಗಿ ಹಿಡಿದು, ಸೌತೆಕಾಯಿ ಸಿಪ್ಪೆ ಹೆರೆದಂತೆ, ಕೋಲಿನ ಉದ್ದಕ್ಕೆ ಹೆರೆಯುತ್ತ ಹೋದರೆ ಎಪಾಕ್ಸಿ, ನೂಲು ಎರಡೂ ಸೀಳಿ ಪಾದ ಮಿನುಗುತ್ತದೆ. ಪಾದವೇ ಕೋಲಿಗೆ ಗುರಾಣಿ. ಕೋಲಿನ ಎಳೆಗಳಲ್ಲಿ ಹೆಚ್ಚಿನವು ಉದ್ದಕ್ಕೆ ಓಡುತ್ತವೆ. ಅಡ್ಡಕ್ಕೆ ಬಿದ್ದ ಒಂದು ಗೀರು ಸಾಕು, ದೊಡ್ಡ ಮೀನು ಎಳೆದ ದಿನ ಕೋಲು ಅಲ್ಲಿಯೇ ಮುರಿಯುತ್ತದೆ.

ಗೈಡ್ ಕಳಚಿದ ಮೇಲೂ ಎಪಾಕ್ಸಿಯ ದಿಬ್ಬ ಉಳಿಯುತ್ತದೆ. ಅದಕ್ಕೆ ಬಲ ಬೇಡ, ಬಿಸಿ ಬೇಕು. ಕೂದಲು ಒಣಗಿಸುವ ಡ್ರೈಯರನ್ನು ಆಡಿಸುತ್ತ ಹಿಡಿದರೆ ಎಪಾಕ್ಸಿ ಕರಗುವುದಿಲ್ಲ, ಮೆತ್ತಗಾಗುತ್ತದೆ. ಆಗ ಉಗುರಿನಿಂದಲೋ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದಲೋ ಕೆರೆದರೆ ಸುರುಳಿ ಸುರುಳಿಯಾಗಿ ಬರುತ್ತದೆ. ಒಂದೇ ಕಡೆ ಬಿಸಿ ನಿಲ್ಲಿಸಿದರೆ ಕೋಲಿಗೇ ಅಪಾಯ. ಬಣ್ಣ ತೆಗೆಯುವ ದ್ರಾವಣದ ಆಸೆ ಬೇಡ. ಅದು ಕೋಲನ್ನೂ ತಿನ್ನಬಹುದು. ತುದಿಯ ಉಂಗುರಕ್ಕೆ ಕೊಳವೆಯಂಥ ಪಾದ. ಲೋಹವನ್ನು ಬಿಸಿ ಮಾಡಿ ತಿರುಚದೆ ನೇರ ಎಳೆಯಬೇಕು. ಕೊನೆಗೆ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಬಿಚ್ಚುವಾಗಲೇ ನನಗೆ ಮಾವನ ಕೈ ಹೆಚ್ಚು ಪರಿಚಯವಾಯಿತು. ದಾರ ಎಲ್ಲಿ ಸವೆಯುತ್ತದೆಂದು ಅವರಿಗೆ ಗೊತ್ತಿತ್ತು. ಅಲ್ಲೆಲ್ಲ ಪಾದದ ಅಂಚನ್ನು ಅರದಿಂದ ಉಜ್ಜಿ ನಯ ಮಾಡಿದ್ದರು. ನೂಲಿನ ಕೆಳಗೆ ಅಡಗಿದ್ದ ಈ ಕೆಲಸವನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೊಸ ಪಾದಗಳಿಗೂ ನಾನು ಹಾಗೆಯೇ ಅರ ಹಾಕಿದೆ.

ಹಿಡಿಯ ಮೇಲಿನ ಒಂದು ಸುತ್ತನ್ನು ಮಾತ್ರ ಮುಟ್ಟಲಿಲ್ಲ. ಅದು ಯಾವ ಉಂಗುರವನ್ನೂ ಹಿಡಿದಿರಲಿಲ್ಲ, ಬರಿಯ ಅಲಂಕಾರ. ಕಾವೇರಿಯ ಗೂನುಬೆನ್ನಿನ ಬಿಳಿಮೀನು 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿದೆ. ಆ ಮೀನಿನ ಆಸೆ ಹುಡುಗನಿಗಿಲ್ಲ. ಅವನು ಈಗ ಊರ ಕೆರೆಯಲ್ಲಿ ಕಾಟ್ಲಾ ಹಿಡಿಯುತ್ತಾನೆ. ಮೀನು ಎಳೆದಾಗ ಅವನ ಹೆಬ್ಬೆರಳು ಬೀಳುವುದು ತಾತನ ಕೆಂಪು ನೂಲಿನ ಮೇಲೆಯೇ.